ಬಿಲ್ಡ್‌ನಲ್ಲಿ ಟೆಸ್ಟ್ ಬೀಳುತ್ತದೆಂದು ಟೆಸ್ಟನ್ನೇ ತೆಗೆಯಬೇಡಿ

ಡೆಬಿಯನ್ ಎಂಬ ಲಿನಕ್ಸ್‌ಗೆ ಪೈಥಾನ್ ಲೈಬ್ರರಿ ಪ್ಯಾಕ್ ಮಾಡುವಾಗ, ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟ್‌ಗಳು ನೆಟ್ ಕೇಳಿ ಬೀಳುತ್ತವೆ, ಟೆಸ್ಟ್ ತೆಗೆದರೆ ಆದೀತೇ ಎಂದು ಕೇಳಿದ್ದೀರಿ. ಆಗದು. ನಾನು ತೆಗೆದು ಪೆಟ್ಟು ತಿಂದವ.

ನಾನು ಪ್ಯಾಕ್ ಮಾಡಿದ್ದು ಮಲಯಾಳ ಲಿಪಿಯನ್ನು ಕನ್ನಡಕ್ಕೆ ತಿರುಗಿಸುವ ಸಣ್ಣ ಲೈಬ್ರರಿ. ಇಲ್ಲಿ ಕಾಸರಗೋಡಿನ ಶಾಲೆಗಳ ಲ್ಯಾಬಿನಲ್ಲಿ ಇರುವುದು ಕೇರಳದ ಶಾಲೆಗಳಿಗೆಂದು ಮಾಡಿದ, ಡೆಬಿಯನ್ ವಂಶದ ಉಬುಂಟು ಆಧಾರಿತ ಕೈಟ್ ಗ್ನೂ/ಲಿನಕ್ಸ್. ಒಂದೊಂದೇ ಕಂಪ್ಯೂಟರಿಗೆ ಪಿಪ್ (ಪೈಥಾನ್‌ನ ಇನ್‌ಸ್ಟಾಲರ್) ಹಿಡಿದು ಕೂರಲಾಗದು, ಡೆಬಿಯನ್ ಪ್ಯಾಕೇಜಾದ ಡೆಬ್ ಫೈಲೇ ಬೇಕು. 18 ಟೆಸ್ಟ್‌ಗಳಲ್ಲಿ 2 ನೆಟ್ ಕೇಳುತ್ತಿದ್ದವು. ನಾನು ಬಿಲ್ಡ್ ಹೇಗೆಂದು ಹೇಳುವ ರೂಲ್ಸ್ ಫೈಲಿನಲ್ಲಿ ಟೆಸ್ಟ್ ಹಂತವನ್ನೇ ಓವರ್‌ರೈಡ್ ಮಾಡಿ ಖಾಲಿ ಬಿಟ್ಟೆ. ಬಿಲ್ಡ್ ಆಯಿತು, ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್ ಕೂಡ ತಕರಾರು ಎತ್ತಲಿಲ್ಲ. ಲ್ಯಾಬಿನಲ್ಲಿ ಹಾಕಿ ನೋಡಿದರೆ ಇಂಪೋರ್ಟ್ ಆಗುತ್ತದೆ, ಮೊದಲ ಪದಕ್ಕೇ 'ಫೈಲ್ ನಾಟ್ ಫೌಂಡ್'. ಅಕ್ಷರಪಟ್ಟಿಯ ಜೇಸನ್ ಫೈಲು ಪ್ಯಾಕೇಜಿನೊಳಗೆ ಇರಲೇ ಇಲ್ಲ!

ಕಾರಣ ಸೆಟಪ್‌ಟೂಲ್ಸ್-ಎಸ್‌ಸಿಎಂ, ಗಿಟ್‌ನಿಂದ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಟೂಲ್) ವರ್ಷನ್ ನಂಬರ್ ತೆಗೆಯುವ ಬಿಲ್ಡ್ ಟೂಲ್. ಗಿಟ್‌ನಲ್ಲಿ ಇರುವ ಫೈಲುಗಳನ್ನು ಅದು ತಾನಾಗಿ ಪ್ಯಾಕೇಜಿಗೆ ಸೇರಿಸುತ್ತದೆ. ನಾನು ಇಳಿಸಿದ್ದು ಗಿಟ್ ಟ್ಯಾಗ್‌ನ ಟಾರ್‌ಬಾಲ್ (ಆ ವರ್ಷನ್ನಿನ ಫೈಲುಗಳ ಕಟ್ಟು), ಅದರಲ್ಲಿ ಗಿಟ್ ಇತಿಹಾಸವೇ ಇಲ್ಲ. ಸಾಮಾನ್ಯವಾಗಿ ಆಗ ವರ್ಷನ್ ಸಿಗದೆ ಬಿಲ್ಡ್ ಅಲ್ಲೇ ನಿಲ್ಲಬೇಕು. ಆದರೆ ವರ್ಷನ್ ನಂಬರನ್ನು ಡೆಬಿಯನ್‌ನ ಪೈಥಾನ್ ಪ್ಯಾಕಿಂಗ್ ಟೂಲ್ ಡಿಎಚ್-ಪೈಥಾನ್ ಒದಗಿಸುತ್ತದೆ, ಹಾಗಾಗಿ ಬಿಲ್ಡ್ ಮುಂದೆ ಹೋಯಿತು. ಪೈಥಾನ್ ಫೈಲುಗಳು ಒಳಗೆ ಬಂದವು, ಜೇಸನ್ ಸದ್ದಿಲ್ಲದೆ ಹೊರಗುಳಿಯಿತು. ಡಿಎಚ್-ಪೈಥಾನ್‌ನ ಪೈಬಿಲ್ಡ್ ಟೆಸ್ಟ್ ಓಡಿಸುವುದು ಬಿಲ್ಡ್ ಆಗಿ ಬಂದ ಪ್ರತಿಯ ಮೇಲೆ. ಉಳಿದ 16 ಟೆಸ್ಟ್ ಓಡಿದ್ದರೆ ಮೊದಲನೆಯದರಲ್ಲೇ ಗೊತ್ತಾಗುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಪಿಪ್‌ನಿಂದ ಹಾಕಿದ ಹಳೆಯ ಪ್ರತಿ ಇತ್ತು. ಪೈಥಾನ್ ಅದನ್ನೇ ಎತ್ತಿಕೊಳ್ಳುತ್ತಿದ್ದರಿಂದ ಅಲ್ಲಿ ಎಲ್ಲ ಸರಿಯಾಗಿಯೇ ಕಂಡಿತು.

ನಿಮ್ಮ ಪ್ರಶ್ನೆ 'ಟೆಸ್ಟ್ ಇರಲೋ ಬೇಡವೋ' ಎಂಬುದಲ್ಲ, 'ಯಾವ ಟೆಸ್ಟ್' ಎಂಬುದು. ರೂಲ್ಸ್ ಫೈಲಿನಲ್ಲಿ ಪೈಬಿಲ್ಡ್‌ನ ಟೆಸ್ಟ್ ಆರ್ಗ್ಯುಮೆಂಟ್ ವೇರಿಯಬಲ್ ಉಂಟು. ಅದರ ಮೂಲಕ ಟೆಸ್ಟ್ ಓಡಿಸುವ ಪೈಟೆಸ್ಟ್‌ಗೆ ಮೈನಸ್-ಕೆ (ಹೆಸರು ನೋಡಿ ಟೆಸ್ಟ್ ಆರಿಸುವ) ಆಯ್ಕೆ ಕೊಟ್ಟು ನೆಟ್ ಕೇಳುವವುಗಳನ್ನು ಮಾತ್ರ ಬಿಡಿ. ಡೇಟಾ ಫೈಲು ಉಂಟಾದರೆ ಸೇರಿಸಬೇಕಾದ ಫೈಲುಗಳನ್ನು ಹೇಳುವ ಮ್ಯಾನಿಫೆಸ್ಟ್‌ನಲ್ಲಿ ಒಂದು ಇನ್‌ಕ್ಲೂಡ್ ಸಾಲು ಸೇರಿಸಿ ಪ್ಯಾಚ್ ಮಾಡಿ, ಆ ಪ್ಯಾಚನ್ನು ಮೂಲ ಲೇಖಕರಿಗೂ ಕಳಿಸಿ. ಬಿಲ್ಡನ್ನು ಎಸ್‌ಬಿಲ್ಡ್ ಟೂಲಿನ ಶುದ್ಧ ಕ್ರೂಟ್‌ನಲ್ಲೇ (ನಿಮ್ಮ ಸಿಸ್ಟಮ್ಮಿನಿಂದ ಬೇರೆಯಾಗಿಟ್ಟ ಜಾಗ) ಮಾಡಿ, ನಿಮ್ಮ ಮೆಷಿನ್‌ನಲ್ಲಿ ಓಡಿದ್ದು ಲೆಕ್ಕಕ್ಕಿಲ್ಲ. ಪ್ಯಾಕೇಜಿನ ವಿವರವಿರುವ ಕಂಟ್ರೋಲ್ ಫೈಲಿನ ಟೆಸ್ಟ್‌ಸ್ಯೂಟ್ ಸಾಲಿನಲ್ಲಿ ಆಟೋಪಿಕೆಜಿಟೆಸ್ಟ್‌ನ ಪೈಬಿಲ್ಡ್ ಆಯ್ಕೆ ಹಾಕಿದರೆ ಇನ್‌ಸ್ಟಾಲ್ ಆದ ಪ್ಯಾಕೇಜಿನ ಮೇಲೂ ಅದೇ ಟೆಸ್ಟ್‌ಗಳು ಓಡುತ್ತವೆ. ಅಪ್‌ಲೋಡಿಗೆ ಮುಂಚೆ ಡಿಪಿಕೆಜಿ ಕಮಾಂಡಿಗೆ ಮೈನಸ್-ಸಿ ಕೊಟ್ಟು ಡೆಬ್ ಒಳಗಿನ ಫೈಲುಗಳ ಪಟ್ಟಿ ಓದಿ.