ರಾತ್ರಿ ನಿಂತ ಲಾರಿ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದರೆ

ನಮಸ್ಕಾರ ಸರ್. ಇನ್‌ಲೈನ್ ಪಂಪಿನ (ಪ್ರತಿ ಸಿಲಿಂಡರಿಗೂ ಡೀಸೆಲ್ ಒತ್ತಿ ಕಳಿಸುವ ಹಳೆಯ ಮಾದರಿಯ ಪಂಪ್) ನಿಮ್ಮ ಹಳೆಯ ಲಾರಿ ಬೆಳಿಗ್ಗೆ ತುಂಬ ಹೊತ್ತು ಸೆಲ್ಫ್ ಹೊಡೆದರೆ ಮಾತ್ರ ಸ್ಟಾರ್ಟ್ ಆಗುತ್ತದೆ, ಆಮೇಲೆ ದಿನವಿಡೀ ತೊಂದರೆಯಿಲ್ಲ, ಡೀಸೆಲ್ ಎಲ್ಲೂ ಸೋರುತ್ತಿಲ್ಲ ಅಂದಿದ್ದೀರಿ. ದಯವಿಟ್ಟು ಈಗಲೇ ಆ ಪಂಪ್ ಬಿಚ್ಚಿಸಬೇಡಿ, ಸುಮ್ಮನೆ ದುಡ್ಡು ಹೋಗುತ್ತದೆ. ನನ್ನ ಅನುಮಾನ ಟ್ಯಾಂಕ್‌ನಿಂದ ಫೀಡ್ ಪಂಪಿನವರೆಗಿನ ಲೈನ್ ಮೇಲೆ. ಅಲ್ಲಿ ಫೀಡ್ ಪಂಪ್ ಎಂಬ ಸಣ್ಣ ಪಂಪ್ ಟ್ಯಾಂಕಿನಿಂದ ಡೀಸೆಲನ್ನು ಎಳೆಯುತ್ತದೆ. ಹಾಗಾಗಿ ಕೂದಲೆಳೆಯಷ್ಟು ಸಂದಿಯಿದ್ದರೂ ಡೀಸೆಲ್ ಹೊರಬರುವ ಬದಲು ಗಾಳಿ ಒಳನುಗ್ಗುತ್ತದೆ. ಗಾಡಿ ರಾತ್ರಿ ನಿಂತಾಗ ಲೈನಿನಲ್ಲಿದ್ದ ಡೀಸೆಲ್ ಟ್ಯಾಂಕಿಗೇ ವಾಪಸ್ ಇಳಿಯುತ್ತದೆ.

ನಾಳೆ ಸೆಲ್ಫ್ ಹೊಡೆಯುವ ಮೊದಲು ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಲೈನಿಗೆ ಡೀಸೆಲ್ ತುಂಬಿಸುವ ಪುಟ್ಟ ಪಂಪ್) ಬಿಗಿಯಾಗುವ ತನಕ ಒತ್ತಿ. ಕೂಡಲೇ ಸ್ಟಾರ್ಟ್ ಆದರೆ ಹೆಚ್ಚುಕಡಿಮೆ ಗಾಳಿಯೇ ಕಾರಣ. ಆಮೇಲೆ ಟ್ಯಾಂಕ್ ಪೈಪ್ ಕಳಚಿ, ಒಂದು ಕ್ಯಾನ್‌ನಲ್ಲಿ ಶುದ್ಧ ಡೀಸೆಲ್ ಇಟ್ಟು, ಪಾರದರ್ಶಕ ಪೈಪಿನಿಂದ ಫೀಡ್ ಪಂಪಿಗೆ ಕೊಡಿ. ಮರುದಿನ ಸಲೀಸಾಗಿ ಸ್ಟಾರ್ಟ್ ಆದರೆ ದೋಷ ಟ್ಯಾಂಕ್ ಕಡೆಯದು. ಇಲ್ಲವಾದರೆ ಫೀಡ್ ಪಂಪಿನ ವಾಲ್ವ್, ಫಿಲ್ಟರ್ ಸೀಲ್ ನೋಡಿಸಿ. ಡೀಸೆಲ್ ಪೈಪ್ ಜೋಡಿಸುವ ಬೋಲ್ಟಿನ ತಾಮ್ರದ ವಾಷರ್‌ಗಳನ್ನು ಹೊಸದಾಗಿಯೇ ಹಾಕಿಸಿ. ಒಮ್ಮೆ ಒತ್ತಿ ಗಟ್ಟಿಯಾದ ವಾಷರ್ ಮತ್ತೆ ಸರಿಯಾಗಿ ಕೂರುವುದಿಲ್ಲ, ಎಷ್ಟೋ ಕಡೆ ಹಳೆಯದನ್ನೇ ಬಿಗಿದು ಕಳಿಸುತ್ತಾರೆ.

ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ಕಡೆಗೂ ಕಣ್ಣಿಡಿ. ಹೊಗೆಯೇ ಇಲ್ಲದಿದ್ದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೆ ತಲುಪುತ್ತಿದೆ, ಉರಿಯುತ್ತಿಲ್ಲ. ಆಗ ನಾಝಲ್ (ಡೀಸೆಲ್ ಸಿಂಪಡಿಸುವ ತುದಿ), ಟೈಮಿಂಗ್ (ಡೀಸೆಲ್ ಸಿಂಪಡಿಸುವ ಹೊತ್ತು), ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ) ಪರೀಕ್ಷಿಸಬೇಕು.

ಕಾಮನ್ ರೈಲ್ (ಎಲ್ಲ ಸಿಲಿಂಡರ್‌ಗಳಿಗೂ ಒಂದೇ ಪೈಪಿನಲ್ಲಿ ಭಾರೀ ಒತ್ತಡದ ಡೀಸೆಲ್ ಇಟ್ಟುಕೊಳ್ಳುವ ಹೊಸ ಮಾದರಿ) ಗಾಡಿಯವರು ಇದನ್ನು ಓದಿ, ಗಾಳಿ ತೆಗೆಯಲೆಂದು ಇಂಜೆಕ್ಟರ್ ಪೈಪ್ ಸಡಿಲಿಸಲು ಹೋಗಬೇಡಿ. ಅಲ್ಲಿನ ಒತ್ತಡ 1000 ಬಾರ್ ದಾಟುತ್ತದೆ, ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.