ಮುರಿದ ಮೂಳೆ ಹನ್ನೆರಡು ದಿನ ಯಾರ ಕಣ್ಣಿಗೂ ಬೀಳದೆ ಇರಲು ಸಾಧ್ಯವೇ?

ನಿಮ್ಮ ಪ್ರಶ್ನೆ ಇಷ್ಟು: ಅಪ್ಪ ಬೈಕಿನಿಂದ ಬಿದ್ದರು, ತೊಡೆಮೂಳೆಗೆ ರಾಡ್ ಹಾಕಿದರು, ಹನ್ನೆರಡನೇ ದಿನ ಅದೇ ಕಾಲಿನ ಪಾದದಲ್ಲೂ ಮೂಳೆ ಮುರಿದಿದೆ ಎಂದರು. ಇದು ನಿರ್ಲಕ್ಷ್ಯ ಅಲ್ಲವೇ, ಕೇಸ್ ಹಾಕಬಹುದೇ?

ನಾನು ಮೂಳೆ ಡಾಕ್ಟರು. ಕೇಸಿನ ಮಾತು ಆಮೇಲೆ. ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ಪಿ.ಜಿ. ಎರಡನೇ ವರ್ಷ, ರಾತ್ರಿ ಡ್ಯೂಟಿ. ಹೆದ್ದಾರಿಯಲ್ಲಿ ಬಿದ್ದಿದ್ದ ಹುಡುಗನೊಬ್ಬನನ್ನು 108ರಲ್ಲಿ ತಂದರು. ತೊಡೆ ಸೊಟ್ಟಗಾಗಿತ್ತು, ಬಿ.ಪಿ. ಇಳಿದಿತ್ತು. ಡ್ರಿಪ್ಪು, ರಕ್ತ, ಹೊಟ್ಟೆಯ ಸ್ಕ್ಯಾನು ಎಲ್ಲ ಆಯಿತು. ಮೂರನೇ ದಿನ ರಾಡ್ ಹಾಕಿದೆವು. ಐದನೇ ದಿನ ಫಿಸಿಯೋ ಮೇಡಂ ವಾಕರ್ ಕೊಟ್ಟು ನಿಲ್ಲಿಸಿದಾಗ ಹುಡುಗ, "ಸಾರ್, ಈ ಕೈ ಊರಕ್ಕಾಗ್ತಿಲ್ಲ" ಅಂದ. ಹೆಬ್ಬೆರಳಿನ ಬುಡದಲ್ಲಿ ಒತ್ತಿದೆ, ಚೀರಿದ. ಸ್ಕೇಫಾಯ್ಡ್ ಅನ್ನುವ ಗೋಡಂಬಿಯಷ್ಟು ದೊಡ್ಡ ಮೂಳೆ ಎರಡು ತುಂಡಾಗಿತ್ತು. ಡ್ರಿಪ್ಪಿನ ಸೂಜಿ ಇದ್ದದ್ದು ಅದೇ ಕೈಯಲ್ಲಿ. ದಿನವೂ ಅದೇ ಕೈ ಹಿಡಿದು ನಾಡಿ ನೋಡಿದವನು ನಾನು. ಊತ ಕಂಡಿತ್ತು, ಡ್ರಿಪ್ಪಿನಿಂದ ಬಂದದ್ದು ಅಂದುಕೊಂಡಿದ್ದೆ.

ಕ್ಯಾಶುವಲ್ಟಿಯಲ್ಲಿ ನಮ್ಮ ಲೆಕ್ಕಾಚಾರ ಬೇರೆ. ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಸ್ರಾವ, ಆಮೇಲೆ ಮೆದುಳು. ಜೀವಕ್ಕೆ ಅಪಾಯವಿಲ್ಲ ಅಂದ ಮೇಲೆ ತಲೆಯಿಂದ ಕಾಲಿನವರೆಗೆ ಇನ್ನೊಮ್ಮೆ ನೋಡಬೇಕು. ಈ ಎರಡನೇ ನೋಟ ಎಷ್ಟೋ ಸಲ ಅರ್ಧಕ್ಕೇ ನಿಲ್ಲುತ್ತದೆ. ರೋಗಿಯನ್ನು ಆಪರೇಷನ್ ಥಿಯೇಟರಿಗೋ ಸ್ಕ್ಯಾನಿಗೋ ಒಯ್ದಿರುತ್ತಾರೆ, ಅವನಿಗೆ ಎಚ್ಚರ ಇರುವುದಿಲ್ಲ, ಇಲ್ಲವೇ ಕುಡಿದಿರುತ್ತಾನೆ. ಎಚ್ಚರ ಇದ್ದರೂ ತೊಡೆಯ ನೋವಿನ ಮುಂದೆ ಪಾದದ ನೋವು ಅವನಿಗೇ ಗೊತ್ತಾಗುವುದಿಲ್ಲ. ನಮ್ಮ ಕಣ್ಣಿನ ದೋಷವೂ ಇದೆ. ಎಕ್ಸ್‌ರೇಯಲ್ಲಿ ದೊಡ್ಡದೊಂದು ಮುರಿತ ಸಿಕ್ಕಿತೋ, ಹುಡುಕಾಟ ಅಲ್ಲಿಗೇ ಮುಗಿಯುತ್ತದೆ.

ಅದಕ್ಕೇ ಮೂರನೇ ನೋಟ ಅಂತ ಒಂದಿದೆ: ದಾಖಲಾದ 24 ಗಂಟೆಯೊಳಗೆ ಒಮ್ಮೆ, ರೋಗಿ ಎಚ್ಚರವಾಗಿ ಓಡಾಡಲು ಶುರು ಮಾಡಿದಾಗ ಮತ್ತೊಮ್ಮೆ, ಏನೂ ಗೊತ್ತಿಲ್ಲದವರ ಹಾಗೆ ಮೊದಲಿನಿಂದ ಪರೀಕ್ಷೆ. 1990ರಲ್ಲಿ ಅಮೆರಿಕದ ಟೆನೆಸೀಯಲ್ಲಿ ಎಂಡರ್ಸನ್ ಎಂಬ ಸರ್ಜನ್ ಮತ್ತು ಜೊತೆಯವರು ಇದನ್ನು ಬರೆದರು. ಅವರ ಆಸ್ಪತ್ರೆಯ ದಾಖಲೆ ಪ್ರಕಾರ ಗಾಯ ತಪ್ಪಿಹೋದದ್ದು ನೂರು ರೋಗಿಗಳಲ್ಲಿ 2 ಮಂದಿಗೆ. ಹೀಗೆ ಮತ್ತೆ ಹುಡುಕಿದಾಗ ಸಿಕ್ಕಿದ್ದು ನೂರರಲ್ಲಿ 9 ಮಂದಿಗೆ. "ನಮ್ಮಲ್ಲಿ ಏನೂ ತಪ್ಪಿಹೋಗಲ್ಲ" ಅನ್ನುವ ಆಸ್ಪತ್ರೆಯ ಬಗ್ಗೆ ನನಗೆ ಆಗಿನಿಂದ ಅನುಮಾನವೇ.

ಕೆಲವು ಗಾಯಗಳು ಜೋಡಿಯಾಗಿ ಬರುತ್ತವೆ. ತೊಡೆಮೂಳೆ ಮುರಿದರೆ ಅದೇ ಬದಿಯ ಸೊಂಟದ ಕೀಲಿನ ಹತ್ತಿರ ಸಣ್ಣ ಸೀಳು, ಮಂಡಿಯ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟಿಗೆ ಪೆಟ್ಟು. ಅಡಿಕೆ ಮರದಿಂದ ಬಿದ್ದು ಹಿಮ್ಮಡಿ ಒಡೆದುಕೊಂಡವರ ಬೆನ್ನುಮೂಳೆಯನ್ನೂ ನೋಡಬೇಕು. ನಿಮ್ಮ ತಂದೆಯವರದ್ದು ಪಾದದ ನಡುಭಾಗ ಅಂತ ಬರೆದಿದ್ದೀರಿ. ಅಲ್ಲಿನ ಕೀಲುಗಳಿಗೆ ಲಿಸ್‌ಫ್ರಾಂಕ್ ಅಂತ ಹೆಸರು, ನೆಪೋಲಿಯನ್ ಕಾಲದ ಫ್ರೆಂಚ್ ಸರ್ಜನ್‌ನದು. ಆತ ಪಾದ ಕತ್ತರಿಸುತ್ತಿದ್ದದ್ದು ಅದೇ ಜಾಗದಲ್ಲಿ! ಈ ಗಾಯ ಐದರಲ್ಲಿ ಒಂದು ಸಲ ಮೊದಲು ತಪ್ಪಿಹೋಗುತ್ತದೆ ಎಂದು ನಮ್ಮ ಪಠ್ಯಗಳಲ್ಲೇ ಇದೆ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಮೂಳೆಗಳು ಜಾಗದಲ್ಲೇ ಇದ್ದ ಹಾಗೆ ಕಾಣುತ್ತವೆ, ಭಾರ ಬಿದ್ದಾಗ ಜರುಗುತ್ತವೆ. ತೊಡೆ ಮುರಿದವರನ್ನು ಮೊದಲ ದಿನ ಯಾರು ನಿಲ್ಲಿಸಿಯಾರು?

ಈಗ ಕೇಸು. ದುಡ್ಡು ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೆ ಜೇಕಬ್ ಮ್ಯಾಥ್ಯೂ ಎಂಬ ಡಾಕ್ಟರ ಕೇಸಿನಲ್ಲಿ ಅದೇ ಕೋರ್ಟ್ 2005ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಲೆಕ್ಕಾಚಾರ ತಪ್ಪಿದ ಮಾತ್ರಕ್ಕೆ ನಿರ್ಲಕ್ಷ್ಯ ಆಗುವುದಿಲ್ಲ. ಅದೇ ಸ್ಥಿತಿಯಲ್ಲಿ ಸಾಮಾನ್ಯ ಡಾಕ್ಟರೊಬ್ಬ ಮಾಡುವ ಕೆಲಸವನ್ನು ಇವರು ಮಾಡಿದರೇ ಎಂಬುದೇ ಪ್ರಶ್ನೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ರಾತ್ರಿ ಕಾಣದ್ದು ತಪ್ಪಲ್ಲ. "ಪಾದ ನೋಯ್ತಿದೆ" ಅಂತ ಅಪ್ಪ ನಾಲ್ಕು ದಿನ ಹೇಳಿಯೂ ಯಾರೂ ಬ್ಯಾಂಡೇಜು ಬಿಚ್ಚಿ ನೋಡಿರದಿದ್ದರೆ ಅದು ತಪ್ಪು. ಕೇಸ್ ಶೀಟಿನ ನಕಲಿಗೆ ಅರ್ಜಿ ಕೊಡಿ, 72 ಗಂಟೆಯಲ್ಲಿ ಕೊಡಬೇಕೆಂಬ ನಿಯಮ 2002ರಿಂದ ಇದೆ. ಡಾಕ್ಟರ ಹಾಳೆಗಿಂತ ಮೊದಲು ನರ್ಸ್‌ಗಳ ನೋಟ್ಸ್ ಓದಿ. ರೋಗಿ ಎಷ್ಟು ಗಂಟೆಗೆ ಏನು ಹೇಳಿದರು ಅನ್ನುವುದು ಸಿಕ್ಕರೆ ಅಲ್ಲೇ ಸಿಗುವುದು.

ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಬೇರೆ ಇದೆ. ಪಾದಕ್ಕೆ ಸಿ.ಟಿ. ಆಗಿದೆಯಾ ಕೇಳಿ. ಸರ್ಜನ್ ಹೇಳುವವರೆಗೆ ಆ ಕಾಲು ಊರಿಸಬೇಡಿ. ಸೊಂಟ, ಮಂಡಿ, ಎರಡೂ ಕೈಗಳನ್ನು ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಅಪ್ಪನನ್ನೂ ಕೇಳಿ, ಆದರೆ ಅವರ ಉತ್ತರವನ್ನು ಪೂರ್ತಿ ನಂಬಬೇಡಿ. ಆ ವಯಸ್ಸಿನವರು "ಏನಿಲ್ಲ ಬಿಡೋ" ಅಂದುಬಿಡುತ್ತಾರೆ. ಕಾಫಿ ಲೋಟ ಯಾವ ಕೈಯಲ್ಲಿ ಎತ್ತುತ್ತಾರೆ, ಅಂಗಿ ಗುಂಡಿ ಹಾಕುವಾಗ ಮುಖ ಕಿವುಚುತ್ತಾರಾ, ಸ್ವಲ್ಪ ನೋಡುತ್ತಿರಿ.