ಟಾರ್ಚ್ ಬೆಳಕಿಗೆ ಮಿಣುಕೋ ಕಣ್ಣು, ಬೆನ್ನ ತುಂಬ ಮರಿ: ತೋಳ ಜೇಡದ ಬಗ್ಗೆ ಓದುಗರ ಪ್ರಶ್ನೆಗಳು

ಮಳೆ ಹಿಡಿದು ಗದ್ದೆ ಕೆಲಸ ಶುರುವಾದಾಗಿಂದ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಜೇಡದ ಬಗ್ಗೆನೇ ಇವೆ, ಅದ್ರಲ್ಲೂ ಬಲೆ ಕಟ್ಟದೆ ನೆಲದ ಮೇಲೆ ಓಡಾಡೋ ಜೇಡದ ಬಗ್ಗೆ. ಹಾಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ ಕೊಟ್ಟಿದ್ದೀನಿ.

ಪ್ರಶ್ನೆ (ಸಕಲೇಶಪುರದ ಕಾಫಿ ಬೆಳೆಗಾರರು): ಸರ್, ರಾತ್ರಿ ಊಟ ಆದ್ಮೇಲೆ ಹೆಡ್ ಟಾರ್ಚ್ ಹಾಕ್ಕೊಂಡು ಪಂಪ್‌ಸೆಟ್ ಹತ್ರ ಹೋಗ್ತೀನಿ. ಹುಲ್ಲಲ್ಲಿ ಗಾಜಿನ ಪುಡಿ ಚೆಲ್ಲಿದ ಹಾಗೆ ಎಲ್ಲೆಲ್ಲೂ ಮಿಣಮಿಣ ಅನ್ನುತ್ತೆ. ಟಾರ್ಚ್ ಬಿಚ್ಚಿ ಕೈಲಿ ಹಿಡ್ಕೊಂಡ್ರೆ ಏನೂ ಕಾಣಲ್ಲ. ಇದು ಇಬ್ಬನಿನಾ?

ಉತ್ತರ: ಇಬ್ಬನಿ ಅಲ್ಲ, ತೋಳ ಜೇಡಗಳ ಕಣ್ಣು. ನೀವು ಟಾರ್ಚ್ ವಿಷಯ ಬರೆದಿದ್ದು ಒಳ್ಳೇದಾಯ್ತು, ಯಾಕಂದ್ರೆ ಉತ್ತರ ಅಲ್ಲೇ ಇದೆ. ಈ ಜೇಡದ ಕಣ್ಣೊಳಗೆ ಬೆಳಕನ್ನ ವಾಪಸ್ ಕಳಿಸೋ ಒಂದು ತೆಳು ಪದರ ಇರುತ್ತೆ, ಅದ್ರಿಂದ ರಾತ್ರಿ ಸಿಗೋ ಚೂರುಪಾರು ಬೆಳಕು ಕಣ್ಣೊಳಗೆ ಎರಡು ಸಲ ಹಾದು ಹೋಗುತ್ತೆ, ಬೆಕ್ಕಿಗೂ ದನಕ್ಕೂ ಇಂಥದ್ದೇ ಪದರ ಇದೆ. ಬೆಳಕು ಬಂದ ದಾರಿಲೇ ತಿರುಗಿ ಹೋಗೋದ್ರಿಂದ ಟಾರ್ಚ್ ನಿಮ್ಮ ಹಣೆ ಮೇಲೆ, ಅಂದ್ರೆ ಕಣ್ಣಿನ ಪಕ್ಕದಲ್ಲೇ ಇದ್ರೆ ಮಾತ್ರ ನಿಮಗೆ ಕಾಣುತ್ತೆ, ಸೊಂಟದ ಹತ್ರ ಹಿಡಿದ್ರೆ ಬೆಳಕು ಸೊಂಟದ ಕಡೆಗೇ ಹೋಗುತ್ತೆ ಅಷ್ಟೆ.

ಮುಂದಿನ ಸಲ ಒಂದು ಮಿಣುಕನ್ನ ಗುರಿ ಇಟ್ಕೊಂಡು, ಅದರಿಂದ ದೃಷ್ಟಿ ತೆಗೀದೆ ನಿಧಾನಕ್ಕೆ ನಡೀರಿ, ಹೆಜ್ಜೆ ಜೋರಾಗಿ ಇಟ್ರೆ ನೆಲದ ಅದುರು ತಿಳಿದು ಓಡಿಹೋಗುತ್ತೆ. ಹತ್ರ ಹೋಗಿ ಕೂತ್ಕೊಂಡು ಮುಖ ನೋಡಿ. ಎಂಟು ಕಣ್ಣು, ಮೂರು ಸಾಲು: ಕೆಳಗೆ ಸಣ್ಣವು ನಾಲ್ಕು, ಅದರ ಮೇಲೆ ನೆಟ್ಟಗೆ ಮುಂದಕ್ಕೆ ನೋಡೋ ದೊಡ್ಡವು ಎರಡು, ಇನ್ನೂ ಮೇಲೆ ನೆತ್ತಿ ಕಡೆ ಮಧ್ಯಮ ಗಾತ್ರದವು ಎರಡು. ಮೈಮೇಲಿನ ಬೂದು-ಕಂದು ಪಟ್ಟೆ ನೋಡಿ ಗುರುತು ಹಿಡಿಯೋಕೆ ಹೋದ್ರೆ ಎಡವಟ್ಟಾಗುತ್ತೆ, ಒಣಗಿದ ಎಲೆ ಮೇಲೆ ಎಲ್ಲಾ ಒಂದೇ ಥರ ಕಾಣ್ತಾವೆ, ಕಣ್ಣಿನ ಸಾಲು ಮಾತ್ರ ಮೋಸ ಮಾಡಲ್ಲ. ನಿಮ್ಮ ತೋಟದಲ್ಲಿ ಅಷ್ಟೊಂದು ಕಣ್ಣು ಇವೆ ಅಂದ್ರೆ ನೆಲದಲ್ಲಿ ಹುಳಹುಪ್ಪಟೆ ಚೆನ್ನಾಗಿವೆ, ಅವನ್ನ ತಿನ್ನೋರೂ ಇದ್ದಾರೆ ಅಂತ ಅರ್ಥ, ನನಗಂತೂ ಓದಿ ಖುಷಿ ಆಯ್ತು.

ಪ್ರಶ್ನೆ (ಬೇಲೂರು ತಾಲ್ಲೂಕಿನ ಗೃಹಿಣಿ): ಹಿತ್ತಲಲ್ಲಿ ಸೌದೆ ತೆಗೆಯೋವಾಗ ಒಂದು ಜೇಡ ಕಾಣ್ತು, ಮೈತುಂಬ ಉಣ್ಣೆ ಮೆತ್ಕೊಂಡಿದ್ವು, ನೋಡೋಕೇ ಆಗ್ಲಿಲ್ಲ. ನಮ್ಮತ್ತೆ ಬಿಸಿನೀರು ಹುಯ್ಯಿ ಅಂದ್ರು. ಅದು ದನಕ್ಕೆ ಹತ್ತುತ್ತಾ?

ಉತ್ತರ: ಬಿಸಿನೀರು ಬೇಡ ಅಮ್ಮ, ಅವು ಉಣ್ಣೆ ಅಲ್ಲ, ಅದರ ಮರಿಗಳು. ದನಕ್ಕೆ ಏನೂ ಆಗಲ್ಲ.

ತೋಳ ಜೇಡದ ತಾಯಿ ಮೊಟ್ಟೆ ಇಟ್ಟು ಅದರ ಸುತ್ತ ನೂಲಿಂದ ಒಂದು ಗುಂಡನೆ ಚೀಲ ನೇಯುತ್ತೆ, ಅದನ್ನ ತನ್ನ ಹಿಂಭಾಗದಲ್ಲಿ ನೂಲು ಹೊರಡೋ ಜಾಗಕ್ಕೇ ಅಂಟಿಸ್ಕೊಂಡು ಎಲ್ಲಿ ಹೋದ್ರೂ ಹೊತ್ಕೊಂಡೇ ಹೋಗುತ್ತೆ, ಬೇಟೆ ಆಡೋವಾಗ್ಲೂ ಬಿಡಲ್ಲ. ಬಿಲದಲ್ಲಿರೋ ಜಾತಿಗಳು ಬಿಸಿಲು ಬಂದಾಗ ಚೀಲವನ್ನ ಬಿಲದ ಬಾಯಿಗೆ ತಂದು ಕಾಯಿಸ್ತಾವೆ. ಮರಿ ಹೊರಗೆ ಬರೋ ಹೊತ್ತಿಗೆ ತಾಯಿನೇ ಬಾಯಿಂದ ಚೀಲದ ಅಂಚನ್ನ ಬಿಡಿಸಿ ಕೊಡ್ಬೇಕು, ಆಗ ಸಾಸಿವೆಗಿಂತ ಸಣ್ಣ ಮರಿಗಳು ಒಂದೊಂದಾಗಿ ಹೊರಬಂದು ಅವಳ ಕಾಲು ಹತ್ಕೊಂಡು ಬೆನ್ನ ಮೇಲೆ ಏರ್ತಾವೆ, ಜಾಗ ಸಾಲದಿದ್ರೆ ಒಂದರ ಮೇಲೊಂದು ಪದರವಾಗಿ ಕೂರ್ತಾವೆ. ತಾಯಿ ಬೆನ್ನ ಮೇಲಿನ ಕೂದಲ ತುದಿಲಿ ಸಣ್ಣ ಗುಬುಟು ಇರುತ್ತೆ, ಮರಿಗಳು ಹಿಡ್ಕೊಂಡಿರೋದು ಅದನ್ನೇ. ಸುಮಾರು ಒಂದು ವಾರ, ಕೆಲವು ಜಾತಿಲಿ ಇನ್ನೂ ಜಾಸ್ತಿ ದಿನ ಹಾಗೇ ಇರ್ತಾವೆ. ಅಷ್ಟು ದಿನ ಮೊಟ್ಟೆಯಿಂದ ಬಂದ ಬಂಡಾರದಲ್ಲೇ ಅವುಗಳ ಜೀವನ, ಬೇಟೆ ತಿನ್ನಲ್ಲ. ಕೆಳಗೆ ಬಿದ್ದ ಮರಿ ಕಾಲು ಹುಡುಕ್ಕೊಂಡು ಮತ್ತೆ ಏರುತ್ತೆ.

ಫ್ರಾನ್ಸಿನ ಕೀಟಶಾಸ್ತ್ರಜ್ಞ ಜೀನ್ ಹೆನ್ರಿ ಫಾಬ್ರ್ ಅಂತ ಇದ್ರು, ಅವರು ಇಂಥ ಒಂದು ತಾಯಿಯಿಂದ ಚೀಲ ಕಿತ್ಕೊಂಡು ಅದೇ ಗಾತ್ರದ ಬಿರಡೆ ಮರದ ಉಂಡೆ ಕೊಟ್ರೆ ಅದನ್ನೇ ಅಂಟಿಸ್ಕೊಂಡು ಹೊತ್ತು ತಿರುಗ್ತು ಅಂತ ಬರೆದಿದ್ದಾರೆ. ಓದಿದಾಗ ಪಾಪ ಅನ್ಸುತ್ತೆ. ಅತ್ತೆಯವರಿಗೂ ಒಂದ್ಸಲ ಕರೆದು ತೋರಿಸಿ, ಮಕ್ಕಳಿದ್ರೆ ಅವರಿಗೂ.

ಪ್ರಶ್ನೆ (ಆಲೂರು ಕಡೆಯ ಭತ್ತದ ರೈತರು): ನಾಟಿ ಆದ್ಮೇಲೆ ಗದ್ದೆಲಿ ನೀರಿನ ಮೇಲೇ ಜೇಡ ಓಡಾಡ್ತಾವೆ. ಪೈರಿಗೆ ತೊಂದ್ರೆನಾ, ಔಷಧಿ ಹೊಡೀಬೇಕಾ?

ಉತ್ತರ: ದಯವಿಟ್ಟು ಹೊಡೀಬೇಡಿ. ಜೇಡ ಎಲೆ ತಿನ್ನಲ್ಲ, ರಸ ಹೀರಲ್ಲ, ಅದರ ಊಟ ಪೂರ್ತಿ ಹುಳನೇ. ನೀವು ನೋಡಿರೋದು ಬಹುಶಃ ಪಾರ್ಡೋಸಾ ಸ್ಯೂಡೋಆನ್ಯುಲೇಟಾ ಅನ್ನೋ ತೋಳ ಜೇಡ, ಭಾರತದಿಂದ ಜಪಾನ್‌ವರೆಗೂ ಭತ್ತ ಬೆಳೆಯೋ ಕಡೆಯೆಲ್ಲಾ ಇದೆ. ಗದ್ದೆ ಹದ ಮಾಡಿದ ಸ್ವಲ್ಪ ದಿನಕ್ಕೇ ಬದು ಕಡೆಯಿಂದ ಇಳಿದು ಬರುತ್ತೆ, ಬುಡದಲ್ಲಿ ತೆಂಡೆಗಳ ಮಧ್ಯೆ ಇರುತ್ತೆ, ಪೈರಿನ ರಸ ಹೀರೋ ಕಂದು ಜಿಗಿಹುಳು ಕೂರೋದೂ ಅಲ್ಲೇ. ಒಂದು ಜೇಡ ದಿನಕ್ಕೆ 5ರಿಂದ 15 ಹುಳ ಹಿಡಿಯುತ್ತೆ. ನಿಮ್ಮ ಗದ್ದೆಲಿ ಇಂಥವು ಎಷ್ಟಿವೆ ಅಂತ ನೀವೇ ಎಣಿಸಿ ಗುಣಿಸಿ ನೋಡಿ.

ಇನ್ನೊಂದು ವಿಷಯ ಗಮನ ಇಟ್ಟು ಓದಿ. ಜಿಗಿಹುಳು ಮೊಟ್ಟೆ ಇಡೋದು ಎಲೆಯ ಕವಚದ ಒಳಗೆ, ಔಷಧಿ ಹೊಡೆದ್ರೆ ಮೇಲಿರೋ ಹುಳದ ಜೊತೆ ಜೇಡನೂ ಸಾಯುತ್ತೆ, ಒಳಗಿರೋ ಮೊಟ್ಟೆ ಬಹಳಷ್ಟು ಉಳ್ಕೊಳ್ಳುತ್ತೆ, ಆಮೇಲೆ ಅವು ಒಡೆದು ಮರಿ ಹೊರಬಂದಾಗ ಹಿಡಿಯೋರೇ ಇರಲ್ಲ, ಮೊದಲಿಗಿಂತ ಜಾಸ್ತಿ ಆಗ್ತಾವೆ, ನೀವು ಮತ್ತೆ ಹೊಡೀತೀರ. ಇದೇ ಚಕ್ರದಲ್ಲಿ ಸಿಕ್ಕಿ ಇಂಡೋನೇಷ್ಯಾದಲ್ಲಿ ಭತ್ತ ಬಹಳ ಹಾಳಾಗಿ, 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ ಹೊಡೆಯೋ 57 ಕೀಟನಾಶಕಗಳನ್ನ ನಿಷೇಧ ಮಾಡ್ತು. ಬುಡ ಬಿಡಿಸಿ ನೋಡಿ ಮೊದಲು, ಜಿಗಿಹುಳು ಎಷ್ಟು, ಜೇಡ ಎಷ್ಟು ಅಂತ ಲೆಕ್ಕ ಹಾಕಿ. ಹುಳ ವಿಪರೀತ ಇದ್ರೆ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಸುಮ್ನೆ ಪಕ್ಕದ ಗದ್ದೆಯವರು ಹೊಡೆದ್ರು ಅಂತ ನೀವೂ ಹೊಡೆಯೋದು ಬೇಡ.

ಪ್ರಶ್ನೆ (ಹಾಸನದ ಬಿ.ಎಸ್ಸಿ. ವಿದ್ಯಾರ್ಥಿನಿ): ತೋಳ ಜೇಡ ನಮ್ಮ ಕಡೆ ಮಾತ್ರ ಇರೋದಾ? ಎಷ್ಟು ಜಾತಿ ಇವೆ? ಎಲ್ಲಾ ಹೀಗೇ ಇರ್ತಾವಾ?

ಉತ್ತರ: ಲೈಕೋಸಿಡೇ ಅನ್ನೋದು ಇವುಗಳ ಕುಟುಂಬ, ಪ್ರಪಂಚದಲ್ಲಿ 2,400ಕ್ಕೂ ಹೆಚ್ಚು ಜಾತಿ ಇವೆ, ಅಂಟಾರ್ಕ್ಟಿಕಾ ಬಿಟ್ರೆ ಎಲ್ಲಾ ಖಂಡದಲ್ಲೂ ಇವೆ. ಸಣ್ಣ ಮರಿಗಳು ಎತ್ತರದ ಹುಲ್ಲಿನ ತುದಿಗೆ ಹತ್ತಿ ನೂಲು ಬಿಟ್ಟು ಗಾಳಿಲಿ ತೇಲ್ಕೊಂಡು ಹೋಗ್ತಾವೆ, ಸಮುದ್ರದ ನಡುವಿನ ದ್ವೀಪಕ್ಕೂ ಜೇಡ ತಲುಪೋದು ಹೀಗೇ. ಹೋಗಿ ಸೇರಿದ ಕಡೆ ಹೇಗೆ ಬದಲಾಗಿವೆ ಅನ್ನೋದೇ ನನಗೆ ಬಹಳ ಇಷ್ಟವಾದ ವಿಷಯ, ಸ್ವಲ್ಪ ಉದ್ದ ಆದ್ರೂ ಬರೀತೀನಿ.

ಹವಾಯಿಯ ಕವಾಯ್ ದ್ವೀಪದಲ್ಲಿ ಲಾವಾ ಹರಿದು ಆದ ಕತ್ತಲೆ ಗುಹೆಗಳಲ್ಲಿ ಅಡೆಲೋಕೋಸಾ ಅನಾಪ್ಸ್ ಅಂತ ಒಂದಿದೆ, ಅದಕ್ಕೆ ಕಣ್ಣೇ ಇಲ್ಲ. ಮಸುಕು ಅಲ್ಲ, ಇಲ್ಲವೇ ಇಲ್ಲ. ದೊಡ್ಡ ಕಣ್ಣಿಗೆ ಹೆಸರಾದ ಕುಟುಂಬದಲ್ಲಿ ಹುಟ್ಟಿ, ಬೆಳಕೇ ಬರದ ಜಾಗದಲ್ಲಿ ಕಾಲದಿಂದ ಕಾಲಕ್ಕೆ ಅದನ್ನ ಕಳ್ಕೊಂಡಿದೆ. ಬೇರೆ ತೋಳ ಜೇಡಗಳು ಒಂದು ಚೀಲದಲ್ಲಿ ನೂರಾರು ಮೊಟ್ಟೆ ಇಟ್ರೆ ಇದು ಇಡೋದು 15ರಿಂದ 30 ಮಾತ್ರ, ಮರಿ ಮಾತ್ರ ದೊಡ್ಡವು. ವಿಜ್ಞಾನದ ಲೆಕ್ಕಕ್ಕೆ ಬಂದಿದ್ದು 1973ರಲ್ಲಿ, 2000ದಲ್ಲಿ ಅಮೆರಿಕ ಸರ್ಕಾರ ಅಳಿವಿನಂಚಿನ ಪಟ್ಟಿಗೆ ಸೇರಿಸ್ತು.

ಅಟ್ಲಾಂಟಿಕ್‌ನಲ್ಲಿ ಮಡೈರಾ ಹತ್ರ ಡೆಸರ್ಟಾ ಗ್ರಾಂಡೆ ಅನ್ನೋ ಜನ ಇಲ್ಲದ ದ್ವೀಪ, ಅಲ್ಲಿ ಒಂದೇ ಒಂದು ಕಣಿವೆಲಿ ಹೋಗ್ನಾ ಇಂಜೆನ್ಸ್ ಇದೆ. ಕಾಲು ಚಾಚಿದ್ರೆ 12 ಸೆಂಟಿಮೀಟರ್, ಕಪ್ಪು ಮೈ, ಕಾಲಲ್ಲಿ ಬಿಳಿ ಪಟ್ಟೆ, ತೋಳ ಜೇಡಗಳಲ್ಲೇ ದೈತ್ಯ. ಹೊರಗಿಂದ ಬಂದ ಒಂದು ಹುಲ್ಲು ಹಬ್ಬಿ, ಅದು ಅಡಗೋ ಕಲ್ಲುಗಳನ್ನೆಲ್ಲಾ ಮುಚ್ಚಿಬಿಡ್ತಾ ಇದೆ. 2017ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಮೃಗಾಲಯದವರು ಸಾವಿರಕ್ಕೂ ಹೆಚ್ಚು ಮರಿ ಮಾಡಿಸಿದ್ರು. ಲಂಟಾನಾ ಹಬ್ಬಿ ಕಾಡಿನ ಹುಲ್ಲು ಕಾಣೆಯಾಗೋದನ್ನ ನೋಡಿರೋ ನಮ್ಮ ಚಿಕ್ಕಮಗಳೂರು ಕಡೆಯವರಿಗೆ ಈ ಸಂಕಟ ಬಿಡಿಸಿ ಹೇಳ್ಬೇಕಾಗಿಲ್ಲ.

ಇನ್ನು ಚಳಿ ದೇಶ. ಗ್ರೀನ್‌ಲ್ಯಾಂಡಿನ ಪಾರ್ಡೋಸಾ ಗ್ಲೇಶಿಯಾಲಿಸ್ ಹಿಮ ಕರಗಿದ ಸಣ್ಣ ಬೇಸಿಗೆಲೇ ಮರಿ ಮಾಡ್ಬೇಕು, ಒಂದು ಬೇಸಿಗೆಗೆ ಒಂದೇ ಚೀಲ ಅನ್ನೋದು ಲೆಕ್ಕ. ಈಗ ಹಿಮ ಬೇಗ ಕರಗ್ತಾ ಇರೋದ್ರಿಂದ ಕೆಲವು ತಾಯಂದಿರು ಎರಡನೇ ಚೀಲನೂ ಮಾಡ್ತಾ ಇದ್ದಾವೆ ಅಂತ ಜಾಕೆನ್‌ಬರ್ಗ್ ಅನ್ನೋ ಕಡೆ 1996ರಿಂದ ಹಿಡಿದಿಟ್ಟ ಜೇಡಗಳನ್ನ ನೋಡಿ ವಿಜ್ಞಾನಿಗಳು 2020ರಲ್ಲಿ ಹೇಳಿದ್ರು. ಹವಾಮಾನ ಬದಲಾಗೋದು ಜೇಡದ ಮೊಟ್ಟೆ ಚೀಲದಲ್ಲೂ ಕಾಣುತ್ತೆ ಅಂದ್ರೆ ನಂಬೋಕೇ ಕಷ್ಟ, ಆದ್ರೆ ನಿಜ.

ಯುರೋಪಿನ ಸಮುದ್ರ ದಂಡೆಯ ಜೌಗಲ್ಲಿರೋ ಆರ್ಕ್ಟೋಸಾ ಫುಲ್ವೋಲಿನಿಯೇಟಾ ಉಬ್ಬರದ ನೀರಲ್ಲಿ ಮುಳುಗಿ ಸತ್ತೇಹೋಯ್ತು ಅನ್ನೋ ಹಾಗೆ ಬಿದ್ದಿರುತ್ತೆ, ನೀರಿಂದ ತೆಗೆದು ಒಣಗೋಕೆ ಬಿಟ್ರೆ ಕೆಲವು ಗಂಟೆ ಆದ್ಮೇಲೆ ಕಾಲು ಅಲ್ಲಾಡಿಸಿ ಎದ್ದು ಹೋಗುತ್ತೆ. ಉರುಗ್ವೆ ಮರಳ ದಂಡೆಯ ಅಲ್ಲೋಕೋಸಾ ಬ್ರೆಸಿಲಿಯೆನ್ಸಿಸ್‌ನಲ್ಲಿ ಗಂಡೇ ದೊಡ್ಡದು, ಗಂಡು ಆಳವಾದ ಬಿಲ ತೋಡಿ ಕೂರುತ್ತೆ, ಹೆಣ್ಣು ಹುಡುಕ್ಕೊಂಡು ಬಂದು ಒಲಿಸ್ಕೋಬೇಕು, ಕೂಡಿದ ಮೇಲೆ ಗಂಡು ಬಿಲವನ್ನ ಅವಳಿಗೇ ಬಿಟ್ಟು, ಬಿಲದ ಬಾಯಿ ಮುಚ್ಚಿ ಹೋಗುತ್ತೆ. ಜೇಡ ಅಂದ್ರೆ ಹೆಣ್ಣು ಗಂಡನ್ನ ತಿಂದುಬಿಡುತ್ತೆ ಅಂತ ಒಂದೇ ಪಾಠ ಓದಿರೋರು ಇದನ್ನೂ ಓದ್ಬೇಕು. ಉತ್ತರ ಅಮೆರಿಕದ ಗ್ಲಾಡಿಕೋಸಾ ಗುಲೋಸಾ ಗಂಡು ಒಣಗಿದ ಎಲೆ ಮೇಲೆ ನಿಂತು ಗುರ್ರ್ ಅಂತ ಎಲೆಯನ್ನ ಅದುರಿಸುತ್ತೆ, ಹೆಣ್ಣೂ ಎಲೆ ಮೇಲೆ ಇದ್ರೆ ಮಾತ್ರ ಆ ಸಂದೇಶ ಅವಳಿಗೆ ತಲುಪುತ್ತೆ. ಆಸ್ಟ್ರೇಲಿಯಾದ ಉಪ್ಪಿನ ಸರೋವರಗಳ ಬೋಳು ನೆಲದಲ್ಲಿ ಬಿಲ ಮಾಡ್ಕೊಂಡಿರೋ ಟೆಟ್ರಲೈಕೋಸಾ ಕೂಡ ಇದೇ ಕುಟುಂಬದ್ದು.

ಬಲೆ ಕಟ್ಟಲ್ಲ ಅಂತ ಮೇಲೆ ಹೇಳಿದೆನಲ್ಲ, ಅದಕ್ಕೂ ಅಪವಾದ ನಮ್ಮ ಕಣ್ಣೆದುರೇ ಇದೆ. ಬೆಳಿಗ್ಗೆ ಬೇಗ ಕಾಲೇಜ್ ಗ್ರೌಂಡಿಗೆ ಹೋಗಿ, ಹುಲ್ಲಿನ ಮೇಲೆ ಇಬ್ಬನಿ ಕೂತು ಬಿಳಿ ಹಾಳೆ ಹಾಸಿದ ಹಾಗೆ ಬಲೆ ಕಾಣುತ್ತಲ್ಲ, ಒಂದು ಮೂಲೆಲಿ ಆಲಿಕೆ ಥರ ತೂತು ಇರುತ್ತಲ್ಲ, ಅದು ಹಿಪ್ಪಾಸಾ, ಅದೂ ತೋಳ ಜೇಡವೇ. ತೂತಿನ ಹತ್ರ ಹುಲ್ಲುಕಡ್ಡಿಲಿ ಮೆಲ್ಲಗೆ ಅಲ್ಲಾಡಿಸಿದ್ರೆ ಬಾಯಿವರೆಗೂ ಬಂದು ನೋಡಿ ಹೋಗುತ್ತೆ. ನಿಮ್ಮ ಪ್ರಾಜೆಕ್ಟಿಗೆ ದೂರ ಎಲ್ಲೂ ಹೋಗೋದು ಬೇಡ, ಇದನ್ನೇ ತಗೊಳ್ಳಿ.

ಪ್ರಶ್ನೆ (ತರೀಕೆರೆಯಿಂದ ಒಬ್ಬ ತಾಯಿ): ಬೆಳಿಗ್ಗೆ ಏಳೋ ಹೊತ್ತಿಗೆ ಮಗನ ಕುತ್ತಿಗೇಲಿ ಸುಟ್ಟ ಗಾಯದ ಥರ ಗೆರೆ, ಬೊಬ್ಬೆ. ಜೇಡ ಉಚ್ಚೆ ಹುಯ್ದಿದೆ ಅಂತಾರೆ ಎಲ್ರೂ. ಈ ಜೇಡ ಕಚ್ಚಿದ್ರೆ ಇನ್ನೇನಾಗುತ್ತೋ ಅಂತ ಭಯ.

ಉತ್ತರ: ಜೇಡದ ಹಿಕ್ಕೆ ತಾಗಿದ್ರೆ ಬೊಬ್ಬೆ ಬರಲ್ಲ. ಮಳೆಗಾಲದಲ್ಲಿ ಲೈಟಿಗೆ ಬರೋ ಒಂದು ಸಣ್ಣ ಹುಳ ಇದೆ, ಪೀಡರಸ್ ಅಂತ, ಇರುವೆ ಥರ ಉದ್ದ ಮೈ, ಕಪ್ಪು ಕಿತ್ತಳೆ ಪಟ್ಟೆ. ಅದು ಕಚ್ಚಲ್ಲ, ಆದ್ರೆ ಮೈಮೇಲೆ ಹರಿದಾಡೋವಾಗ ನಿದ್ದೆಗಣ್ಣಲ್ಲಿ ಉಜ್ಜಿದ್ರೆ ಅದರ ರಸ ಚರ್ಮಕ್ಕೆ ತಾಗಿ ಒಂದೆರಡು ದಿನದೊಳಗೆ ಉರಿ, ಬೊಬ್ಬೆ ಏಳುತ್ತೆ, ಉಜ್ಜಿದ ದಿಕ್ಕಿಗೇ ಗೆರೆ ಬರುತ್ತೆ. ಮಗನ ಗಾಯ ಇದೇ ಇರ್ಬಹುದು, ಸೋಪು ನೀರಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ, ಕಣ್ಣಿಗೆ ತಾಗಿದ್ರೆ ತಡ ಮಾಡಲೇಬೇಡಿ. ಮೈಯ ಒಂದೇ ಪಕ್ಕಕ್ಕೆ ಪಟ್ಟಿ ಥರ ಬೊಬ್ಬೆ ಬಂದು ಒಳಗಿಂದ ನೋವಿದ್ರೆ ಅದು ಸರ್ಪಸುತ್ತು ಇರ್ಬಹುದು, ಅದಕ್ಕೂ ಬೇಗ ಔಷಧಿ ಬೇಕು. ಮಲಗೋ ಮುಂಚೆ ಕಿಟಕಿ ಹತ್ರದ ಲೈಟ್ ಆರಿಸಿ, ಹಾಸಿಗೆ ಒದರಿ, ಹುಳ ಮೈಮೇಲೆ ಕಂಡ್ರೆ ಊದಿ ಹಾರಿಸಿ, ಹೊಸಕಬೇಡಿ.

ತೋಳ ಜೇಡ ಕೈಲಿ ಹಿಡಿದು ಅಮುಕಿದ್ರೆ ಕಚ್ಚುತ್ತೆ, ಸ್ವಲ್ಪ ನೋವು, ಊತ, ಕೆಂಪು, ಅಷ್ಟೆ. ಇದರ ಮೇಲೆ ಹೊರಿಸಿದ ಸುಳ್ಳು ಆಪಾದನೆ ಹಳೇದು. ಇಟಲಿಯ ಟರಾಂಟೊ ಊರಿನ ಸುತ್ತ ಲೈಕೋಸಾ ಟರಾಂಟುಲಾ ಕಚ್ಚಿದ್ರೆ ಕುಣಿದೇ ವಿಷ ಇಳಿಸ್ಬೇಕು ಅಂತ ಜನ ನಂಬಿ ಶತಮಾನಗಟ್ಟಲೆ ಕುಣಿದ್ರು. ಬ್ರೆಜಿಲ್‌ನಲ್ಲಿ ಚರ್ಮ ಕೊಳೆಯೋಕೆ ಅಲ್ಲಿನ ತೋಳ ಜೇಡನೇ ಕಾರಣ ಅಂತ ಪ್ರತಿವಿಷನೂ ತಯಾರು ಮಾಡ್ತಿದ್ರು, ಆಮೇಲೆ ಸಾವೊ ಪಾಲೊದಲ್ಲಿ ಕಚ್ಚಿಸ್ಕೊಂಡ 515 ಜನರ ವಿವರ ನೋಡಿ 1990ರಲ್ಲಿ ಪ್ರಕಟ ಮಾಡಿದ್ರು, ಒಬ್ಬರಿಗೂ ಚರ್ಮ ಕೊಳೆತಿರಲಿಲ್ಲ.

ಪ್ರಶ್ನೆ (ಚಿಕ್ಕಮಗಳೂರು ನಗರದ ಓದುಗರು): ಕ್ಯಾಲೆಂಡರ್ ಹಿಂದೆ ಅಂಗೈ ಅಗಲದ ಚಪ್ಪಟೆ ಜೇಡ ಇದೆ, ಹೊಟ್ಟೆ ಕೆಳಗೆ ಬಿಳಿ ಬಿಲ್ಲೆ ಇಟ್ಕೊಂಡಿದೆ. ಇದೂ ತೋಳ ಜೇಡನಾ? ಹೊರಗೆ ಹಾಕೋದು ಹೇಗೆ?

ಉತ್ತರ: ಅಲ್ಲ, ಅದು ಹೆಟೆರೊಪೋಡಾ, ಏಡಿ ಥರ ಪಕ್ಕಕ್ಕೆ ಕಾಲು ಚಾಚೋ ಬೇರೆ ಕುಟುಂಬ. ಗೋಡೆ ಮೇಲೆ ಇರುತ್ತೆ, ಮೊಟ್ಟೆ ಬಿಲ್ಲೆಯನ್ನ ಎದೆ ಕೆಳಗೆ ಹಿಡ್ಕೊಳ್ಳುತ್ತೆ, ಮರಿಯನ್ನ ಬೆನ್ನ ಮೇಲೆ ಹೊರಲ್ಲ. ಜಿರಲೆ ಹಿಡಿಯುತ್ತೆ, ಇದ್ರೆ ಇರ್ಲಿ ಅನ್ನೋದು ನನ್ನ ಅಭಿಪ್ರಾಯ. ಬೇಡವೇ ಬೇಡ ಅಂದ್ರೆ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಕವುಚಿ, ಕಾಲು ಸಿಕ್ಕದ ಹಾಗೆ ನಿಧಾನವಾಗಿ ಅಡಿಗೆ ದಪ್ಪ ಕಾರ್ಡ್ ತೂರಿಸಿ, ಸ್ಟೋರ್ ರೂಮಿಗೋ ಸೌದೆ ಕೊಟ್ಟಿಗೆಗೋ ಬಿಡಿ. ನೆಲದ ಮೇಲೆ ಸಿಗೋ ತೋಳ ಜೇಡಕ್ಕೂ ಇದೇ ಉಪಾಯ, ಅದನ್ನ ಮಾತ್ರ ಹಿತ್ತಲ ಹುಲ್ಲಿಗೇ ಬಿಡ್ಬೇಕು.